ಕುಂಬಳದ ಹೂವಿಗೆ ಬಂದವರು

ಹೊಗೆಯಿಂದ ಶುರು ಮಾಡಿದರೆ ಕಥೆ ಗಟ್ಟಿಯಾಗಿ ನಿಲ್ಲುತ್ತದೆ. ಹಲಗೇರಿಯ ನಮ್ಮ ಹೊಲದ ಮೂಲೆಯಲ್ಲಿ ಆಲದ ಮರ. ಅದರ ಬುಡದಲ್ಲಿ ಹಸಿ ಬೇವಿನ ಸೊಪ್ಪಿಗೆ ಬೆಂಕಿ ಹಚ್ಚಿ ಕೆಮ್ಮುತ್ತ ನಿಂತ ಅತ್ತೆ. ಮೇಲೆ ಕೊಂಬೆಯಿಂದ, ಯಾರೋ ಕಂಬಳಿ ಜಾಡಿಸಿದ ಹಾಗೆ, ಎದ್ದು ಹೋಗುತ್ತಿರುವ ಹೆಜ್ಜೇನು. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಕಣ್ಣಾರೆ ಕಂಡದ್ದೆಷ್ಟು, ಹೇಳುತ್ತ ಹೇಳುತ್ತ ಕೂಡಿಸಿದ್ದೆಷ್ಟು ಎಂದು ಈಗ ಬಿಡಿಸಲಾರೆ.

ನನ್ನ ತಮ್ಮ ಇದನ್ನು ಒಪ್ಪುವುದಿಲ್ಲ. "ಹೊಗೀಗೆ ಹೆಜ್ಜೇನು ಎದ್ದು ಹೋದ್ವು, ಖರೇ. ಆದ್ರ ಬೇಲಿಯೊಳಗಿನ ಸಣ್ಣವು ಹೋಗಿದ್ದು ಅಪ್ಪನ ಪಂಪಿಗೆ. ವಾರ ವಾರ ಎಣ್ಣಿ ಹೊಡೀತಿದ್ದಿಲ್ಲೇನ? ಅದನ್ಯಾಕ ಹೇಳಂಗಿಲ್ಲ ನೀನು?" ಎನ್ನುತ್ತಾನೆ. ಅವನು ಹೇಳುವುದೇ ಸರಿ ಇರಬೇಕು. ಆದರೆ ವಾರ ವಾರವೂ ನಡೆಯುವ ಕೆಲಸ ಚಿತ್ರವಾಗಿ ಉಳಿಯುವುದಿಲ್ಲ. ಬೆನ್ನಿಗೆ ಕೀಟನಾಶಕದ ಪಂಪು ಏರಿಸಿಕೊಂಡು ಸಾಲು ಹಿಡಿದು ನಡೆಯುವ ಅಪ್ಪ ನನ್ನ ನೆನಪಿನಲ್ಲಿ ಹೊಲದ ಒಂದು ಭಾಗದಂತಿದ್ದಾನೆ, ಗಿಡ ಇದ್ದ ಹಾಗೆ. ಹೊಗೆ ಮಾತ್ರ ಒಂದೇ ಸಂಜೆಯದು. ನೆನಪಿಗೆ ಅದು ಅನುಕೂಲ. ಆದ್ದರಿಂದ ಓದುವವರು ಎರಡನ್ನೂ ಇಟ್ಟುಕೊಳ್ಳಬೇಕು: ಹೊಗೆಯನ್ನೂ, ಪಂಪನ್ನೂ.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ರಾಣೆಬೆನ್ನೂರು ಸುತ್ತಿನ ಹಳ್ಳಿಗಳಲ್ಲಿ ಬೀಜದ ಹತ್ತಿ ಬೆಳೆಯುವ ಹುರುಪು ಹಬ್ಬಿತ್ತು. ಕಂಪನಿಯವರು ಎರಡು ಜಾತಿಯ ಬೀಜ ಕೊಡುತ್ತಿದ್ದರು. ಒಂದು ಹೆಣ್ಣು ಸಾಲಿಗೆ, ಇನ್ನೊಂದು ಗಂಡು ಸಾಲಿಗೆ. ಹೊತ್ತು ಇಳಿದ ಮೇಲೆ ಹೆಣ್ಣು ಸಾಲಿನಲ್ಲಿ ಮರುದಿನ ಅರಳಲಿರುವ ಮೊಗ್ಗು ಹುಡುಕಬೇಕು. ಹೆಬ್ಬೆರಳಿನ ಉಗುರಿನಿಂದ ಎಸಳನ್ನೂ ಅದರೊಳಗಿನ ಗಂಡು ಭಾಗವನ್ನೂ ಸುತ್ತ ಸುಲಿದು ತೆಗೆದು, ನಡುವಿನ ಕಡ್ಡಿಯೊಂದನ್ನೇ ಉಳಿಸಿ, ಅದಕ್ಕೆ ಕೆಂಪು ಕಾಗದದ ಚೀಲ ತೊಡಿಸಬೇಕು. ಮರುದಿನ ಇಬ್ಬನಿ ಆರಿದ ಮೇಲೆ ಗಂಡು ಸಾಲಿನ ಹೂ ಕಿತ್ತು ತಂದು, ಚೀಲ ತೆಗೆದು, ಆ ಕಡ್ಡಿಗೆ ಹೂವಿನ ಪುಡಿ ಸವರಬೇಕು. ಇದಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತವಳ ಹೆಬ್ಬೆರಳಿನ ಉಗುರು ನೋಡಿದರೆ ಸಾಕು, ಕ್ರಾಸಿಂಗಿಗೆ ಹೋಗುವವಳೆಂದು ತಿಳಿಯುತ್ತಿತ್ತು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನಾನೂ ಉಗುರು ಬೆಳೆಸಿದ್ದೆ.

ಅತ್ತೆ, ಎಂದರೆ ಅಪ್ಪನ ಅಕ್ಕ, ಈ ಕೆಲಸಕ್ಕೆ ಬರುತ್ತಿರಲಿಲ್ಲ. ಹತ್ತಿರದ್ದು ಆಕೆಗೆ ಸರಿಯಾಗಿ ಕಾಣುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಬ್ಯಾಡಗಿಯಿಂದ ತವರಿಗೆ ಬಂದವಳು. ಬರುವಾಗ ಸೆರಗಿನ ಗಂಟಿನಲ್ಲಿ ಕುಂಬಳದ ಬೀಜ ಕಟ್ಟಿಕೊಂಡು ಬಂದಳು ಎಂದು ಬರೆಯಲು ಕೈ ಹೋಗುತ್ತದೆ. ಅದು ನಿಜವಿರಲಿಕ್ಕಿಲ್ಲ. ಬೀಜ ನಮ್ಮ ಮನೆಯದೇ ಇದ್ದೀತು. ನಿಜವಾದದ್ದು ಇಷ್ಟು: ನಮ್ಮ ಮನೆ ಊರಂಚಿನಲ್ಲಿತ್ತು, ಹಿತ್ತಲು ದಾಟಿದರೆ ಹೊಲ. ಹಿತ್ತಲಿನ ಹಳೆಯ ತಿಪ್ಪೆಯ ಮೇಲೆ ಅತ್ತೆ ವರ್ಷವೂ ಕುಂಬಳದ ಬಳ್ಳಿ ಹಬ್ಬಿಸುತ್ತಿದ್ದಳು. ಸೀಗಿ ಹುಣ್ಣಿಮೆಗೆ ಮುಂಚೆ ಓಣಿಯ ಮನೆ ಮನೆಗೂ ಒಂದೊಂದು ಕುಂಬಳಕಾಯಿ ತಾನೇ ಹೊತ್ತು ಕೊಟ್ಟು ಬರುತ್ತಿದ್ದಳು. ಕೊಡುವವಳಾಗಿ ಅವಳು ಹೊಸ್ತಿಲು ದಾಟುತ್ತಿದ್ದದ್ದು ಆಗ ಮಾತ್ರ. ಉಳಿದ ದಿನಗಳಲ್ಲಿ ತಾನು ತಮ್ಮನ ಮನೆಯಲ್ಲಿ ಉಣ್ಣುವವಳು ಎಂದುಕೊಂಡಿದ್ದಳು. ಯಾರೂ ಹಾಗೆ ಅಂದಿರಲಿಲ್ಲ. ಅನ್ನದೆಯೂ ಇಂಥ ಮಾತು ಮನೆಯಲ್ಲಿ ಓಡಾಡುತ್ತದೆ.

ಆ ವರ್ಷ ಕ್ರಾಸಿಂಗ್ ಶುರುವಾಗುವ ಹೊತ್ತಿಗೆ ಬೀಜದ ಕಂಪನಿಯ ಸಾಹೇಬರು ಹತ್ತಿಯ ಪ್ಲಾಟು ನೋಡಲು ಬಂದಿದ್ದರು. ಹೋಗುವಾಗ ಆಲದ ಮರದ ಕಡೆ ನೋಡಿ, "ಹುಳ ಒಂದು ಹೂವಿನ ಪುಡಿ ಇನ್ನೊಂದಕ್ಕ ಒಯ್ತಾವ್ರಿ, ಬೀಜ ಬೆರಕಿ ಆಗತೈತಿ. ಸ್ವಲ್ಪ ನಿಗಾ ಇರ್ಲಿ" ಎಂದಿದ್ದರು. ಅಷ್ಟೇ ಹೇಳಿದ್ದು. ಅದರ ಮರುದಿನವೋ, ಆಮೇಲೋ, ಕೆಲಸಕ್ಕೆ ಬಂದ ಒಬ್ಬಳಿಗೆ ಜೇನು ಕಚ್ಚಿ ಕಣ್ಣು ಮುಚ್ಚಿಹೋಯಿತು. ಹೆಣ್ಣುಮಕ್ಕಳೆಲ್ಲ ಬದುವಿನ ಮೇಲೆ ಕೂತುಬಿಟ್ಟರು. ಅವರಿಗೆಲ್ಲ ಮುಂದಾಳು ಗುತ್ತಲದಿಂದ ಮದುವೆಯಾಗಿ ಬಂದ ಮುಸ್ಲಿಂ ಹೆಂಗಸು. ಊರೆಲ್ಲ ಆಕೆಗೆ ಆಪಾ ಎನ್ನುತ್ತಿತ್ತು.

"ಅಣ್ಣಾರ, ಹೂವಿಗೆ ಕೈ ಹಚ್ಚಾಕ ಬಂದೇವಿ ನಾವು, ಮಕ ಊದಸ್ಕೊಳ್ಳಾಕಲ್ಲ" ಎಂದು ಆಪಾ ಅಪ್ಪನಿಗೆ ಹೇಳಿದಳು.

ಅಪ್ಪ ಯೋಚಿಸುತ್ತ ನಿಂತ. ನಿರ್ಧಾರ ಮಾಡಿದ್ದು ಅತ್ತೆ.

"ಅದರಾಗ ಇಚಾರ ಮಾಡೂದೇನೈತೋ ತಮ್ಮಾ? ಎತ್ತು ದುಡೀತೈತಿ, ನಾಯಿ ಬೊಗಳತೈತಿ, ಬೆಕ್ಕು ಇಲಿ ಹಿಡೀತೈತಿ. ಜೇನಿನ ಕೆಲಸ ಏನು, ಜೇನುತುಪ್ಪ ಕೊಡೂದು. ಇಷ್ಟು ವರ್ಷದಾಗ ಒಂದು ಹನಿ ನೆಕ್ಕೇವೇನು ನಾವು? ಎಬ್ಬಸ್ರಿ ಅತ್ಲಾಗ."

ಹಾಗೆ ಎಬ್ಬಿಸಿದೆವು. ಬೇಲಿಯ ಮುಳ್ಳುಕಂಟಿಯಲ್ಲಿದ್ದ ಸಣ್ಣ ಜೇನಿನ ಹುಟ್ಟುಗಳನ್ನೂ ಬಿಡಲಿಲ್ಲ. ಬೇಲಿ ಸವರಿ ಚೊಕ್ಕ ಮಾಡಿದೆವು. ಹೊಲ ಕ್ಷೌರ ಮಾಡಿಸಿಕೊಂಡು ಬಂದವನ ತಲೆಯ ಹಾಗೆ ಕಾಣುತ್ತಿತ್ತು. ಎಲ್ಲರಿಗೂ ಸಮಾಧಾನವಾಯಿತು.

ಕುಂಬಳದ ಬಳ್ಳಿ ಹೂ ಬಿಟ್ಟಿತು. ತಟ್ಟೆಯಗಲದ ಹಳದಿ ಹೂಗಳು. ಕೆಲವು ಹೂಗಳ ಕೆಳಗೆ ಗೋಲಿಯಷ್ಟು ಎಳೆಗಾಯಿ. ಆ ಎಳೆಗಾಯಿ ನಿಂಬೆಯಷ್ಟಾಗುವ ಮೊದಲೇ ಹಳದಿಗಟ್ಟಿ, ಮೆತ್ತಗಾಗಿ, ಉದುರಿಹೋಗುತ್ತಿತ್ತು. ಒಂದೆರಡು ಉದುರಿದಾಗ ಅತ್ತೆ ಸುಮ್ಮನಿದ್ದಳು. ಆಮೇಲೆ ದಿನವೂ ಮುಂಜಾನೆ ಉದುರಿದ್ದನ್ನು ಕೈಯಾಡಿಸಿ ಹುಡುಕಿ, ಆರಿಸಿ, ಉಡಿಯಲ್ಲಿ ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಇಡತೊಡಗಿದಳು. ನಂತರ ವಿಚಾರಣೆ ಶುರುವಾಯಿತು.

ಮೊದಲು ಸಿಕ್ಕಿಬಿದ್ದವು ಕೋಳಿಗಳು. ತಿಪ್ಪೆ ಕೆದರಿ ಬೇರು ಸಡಿಲ ಮಾಡಿದ್ದಾವೆ ಎಂದು ಅವನ್ನು ಬುಟ್ಟಿಯಡಿ ಕವುಚಿದಳು. ಕಾಯಿ ಉದುರುವುದು ನಿಲ್ಲಲಿಲ್ಲ. ಬದಲಿಗೆ, ಪಕ್ಕದಲ್ಲೇ ಒಟ್ಟಿದ್ದ ಜೋಳದ ಕಣಿಕೆಗೆ ಗೆದ್ದಲು ಏರಿತು. ಆ ಗೆದ್ದಲನ್ನು ಇಷ್ಟು ದಿನ ಯಾರು ತಿನ್ನುತ್ತಿದ್ದರು ಎಂದು ಆಗ ತಿಳಿಯಿತು. ಮುಂದಿನ ಆರೋಪಿ ನಾಯಿ. ಬಳ್ಳಿಯ ಬುಡದಲ್ಲೇ ಕಾಲೆತ್ತುತ್ತದೆ ಎಂದು ಅದನ್ನು ಮುಂಬಾಗಿಲಿಗೆ ಕಟ್ಟಿದರು. ಹಂದಿಗಳು ಹಿತ್ತಲಿಗೆ ನುಗ್ಗಿ ಬಳ್ಳಿಯ ಒಂದು ಕವಲನ್ನೇ ತುಳಿದು ಹೋದವು. ನಾಯಿಯನ್ನು ಬಿಚ್ಚಿದ್ದಾಯಿತು. ಕೋಳಿಗಳನ್ನೂ ಬಿಟ್ಟದ್ದಾಯಿತು. ಇರುವೆಗೆ ಬೂದಿ, ಹೆಗ್ಗಣದ ಬಿಲಕ್ಕೆ ಕಲ್ಲು. ಕೊನೆಗೆ ದೃಷ್ಟಿ ತಾಗಿದೆಯೆಂದು ಒಂದು ಹಳೆಯ ಚಪ್ಪಲಿಯನ್ನೂ ಬಳ್ಳಿಗೆ ಕಟ್ಟಿದಳು.

ಇವೆಲ್ಲ ಒಂದರ ಹಿಂದೊಂದು ಮೆಟ್ಟಿಲು ಹತ್ತಿದಂತೆ ನಡೆದವೇ? ಅನುಮಾನ. ಗೆದ್ದಲು ಹಿಂದಿನ ವರ್ಷದ್ದಿದ್ದರೂ ಇದ್ದೀತು. ಪ್ರಾಣಿಗಳೆಲ್ಲ ಸರತಿಯಲ್ಲಿ ನಿಂತು ತಮ್ಮ ತಮ್ಮ ಕೆಲಸ ತೋರಿಸಿ ಹೋದವು ಎಂಬುದು ಈಗ ಹಿಂತಿರುಗಿ ನೋಡುವ ನನ್ನ ಆಸೆಯೂ ಆಗಿರಬಹುದು. ಆದರೆ ಬುಟ್ಟಿಯಡಿಯಿಂದ ಬರುತ್ತಿದ್ದ ಆ ಕೋಳಿಗಳ ಸಿಟ್ಟಿನ ಸದ್ದು ಇನ್ನೂ ಕಿವಿಯಲ್ಲಿದೆ. ಅದನ್ನು ನಾನು ಕಟ್ಟಿದ್ದಲ್ಲ.

ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತ, ಅತ್ತೆಯ ಮುಖ ನೋಡದೆ, "ಅಕ್ಕಾರ, ಈ ಸಲ ಬಳ್ಳಿ ಕೈ ಕೊಟ್ಟಂಗ ಕಾಣಸ್ತೈತಿ. ಅದನ್ನ ಕಿತ್ತು ಆ ಜಾಗಾಕ್ಕ ಕಲ್ಲು ಹಾಸಿದ್ರ ಅರಳಿ ಒಣಗಸಾಕ ಅನುಕೂಲ ಆಗತೈತಿ ಅಂತ ಇವರು ಅನ್ನಾಕತ್ತಾರ" ಎಂದಳು.

ಅರಳಿ ಎಂದರೆ ಬಿಡಿಸಿ ತಂದ ಹತ್ತಿ. ಅದನ್ನು ಹರವಲು ಜಾಗ ಬೇಕಿತ್ತು ಎಂಬುದು ಸುಳ್ಳಲ್ಲ.

ಉಣ್ಣುತ್ತಿದ್ದ ಅತ್ತೆ ರೊಟ್ಟಿ ಮುರಿದಳು. ಆಮೇಲೆ, "ಹಾಸ್ರಿ. ಕೊಡಲಾರದ್ದು ಜಾಗ ಯಾಕ ಹಿಡಕೊಂಡು ಕುಂದರಬೇಕು" ಎಂದಳು. ಇನ್ನೊಂದು ತುತ್ತು ಉಂಡ ಮೇಲೆ ಮತ್ತೆ ಹೇಳಿದಳು: "ಮೆಣಸಿನಕಾಯಿ ಸುಗ್ಗಿಗೆ ನಾ ಬ್ಯಾಡಗಿಗೆ ಹೊಕ್ಕೀನಿ. ತೊಟ್ಟು ಮುರಿಯಾಕ ಕಣ್ಣು ಬೇಕಾಗಂಗಿಲ್ಲ. ಬೆರಳಿದ್ರ ಸಾಕು."

"ಯಾಕ, ಇಲ್ಲೇನು ಕಡಿಮಿ ಆಗೇತಿ ನಿಮಗ?" ಎಂದಳು ಅವ್ವ, ಕೈ ನಿಲ್ಲಿಸಿ.

"ಕಡಿಮಿ ಏನಿಲ್ಲವ್ವ. ಅದಕ್ಕ ಹೊಕ್ಕೀನಿ."

ಆ ರಾತ್ರಿ ಅತ್ತೆ ಹೋಗಿಯೇ ಬಿಡುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. ಬ್ಯಾಡಗಿಯಲ್ಲಿ ಅವಳಿಗೆ ಈಗ ಯಾರೂ ಇರಲಿಲ್ಲ.

ಇನ್ನು, ಬಳ್ಳಿ ಕೀಳುವ ಮಾತಾದ ಮೇಲಿನ ಆ ಒಂದು ಮಧ್ಯಾಹ್ನ. ಇದನ್ನು ನಿಧಾನವಾಗಿ ಹೇಳಬೇಕು.

ನಾವು ಹಿತ್ತಲ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದೇವೆ. ಎಲ್ಲರ ಬೆರಳೂ ಹೂವಿನ ಪುಡಿಯಿಂದ ಹಳದಿ. ತೊಳೆದರೂ ಪೂರ್ತಿ ಹೋಗದ ಹಳದಿ. ಅತ್ತೆ ಎಲ್ಲರಿಗೂ ಮಜ್ಜಿಗೆ ಹಾಕುತ್ತಿದ್ದಾಳೆ. ಆಪಾ ರೊಟ್ಟಿ ಮುರಿಯುತ್ತ ಮುಂಜಾನೆ ಕಂಡ ಬಳ್ಳಿಯ ಮಾತು ತೆಗೆಯುತ್ತಾಳೆ.

"ಅಕ್ಕಾರ, ನಿಮ್ಮ ಬಳ್ಳಿ ಮ್ಯಾಲ ಮದುವಿ ಹಂದರ ಹಾಕಿದಂಗ ಐತಿ ನೋಡ್ರಿ. ಗಂಡಿನ ಕಡಿಯವರೂ ಬಂದು ಕುಂತಾರ, ಹೆಣ್ಣಿನ ಕಡಿಯವರೂ ಬಂದು ಕುಂತಾರ. ನಡುವ ಮಾತು ಕೂಡಸಾವ್ರ ಒಬ್ಬರೂ ಇಲ್ಲ."

ಹೆಣ್ಣುಮಕ್ಕಳು ನಗುತ್ತಾರೆ.

"ನೀನ ಹೋಗಿ ಕೂಡಸು ಆಪಾ" ಎಂದು ಒಬ್ಬಳು.

"ಹಂಗಾದ್ರ ಇದಕ್ಕೂ ನಾನ ಕ್ರಾಸಿಂಗ್ ಮಾಡಬೇಕನ್ನು. ಕೂಲಿ ಕುಂಬಳಕಾಯಾಗ ಕೊಡ್ತೀರೇನ್ರಿ ಅಕ್ಕಾರ?"

ನಗು ಇನ್ನೊಂದು ಸುತ್ತು ಬರುತ್ತದೆ. ಆದರೆ ಒಂದೇ ಸಲಕ್ಕೆ ನಿಲ್ಲುವುದಿಲ್ಲ. ಒಬ್ಬೊಬ್ಬರಲ್ಲಿ ಒಂದೊಂದು ಹೊತ್ತಿಗೆ ನಿಲ್ಲುತ್ತದೆ. ಮೊದಲು ಆಪಾಳದೇ ನಿಂತಿತೆಂದು ನನಗೆ ನೆನಪು. ತನ್ನ ಹಳದಿ ಬೆರಳುಗಳನ್ನೇ ನೋಡುತ್ತ ಕೂತಳು. ಅತ್ತೆ ಮಜ್ಜಿಗೆಯ ಚೊಂಬು ಹಿಡಿದು ಹಾಗೇ ನಿಂತಿದ್ದಳು.

"ಹಂಗಾರ ಮೊದಲೆಲ್ಲ ಯಾರು ಮಾಡ್ತಿದ್ರು?" ಎಂದು ಕೇಳಿದಳು ಅತ್ತೆ.

ಆಲದ ಮರದ ಕಡೆ ಯಾರು ಮೊದಲು ನೋಡಿದರೋ ಗೊತ್ತಿಲ್ಲ. ಕೊಂಬೆಯಲ್ಲಿ ಹುಟ್ಟು ಇದ್ದ ಜಾಗದಲ್ಲಿ ಕಪ್ಪು ಕಲೆಯೊಂದು ಉಳಿದಿತ್ತು.

ದಿನವಿಡೀ ಹೂವಿನಿಂದ ಹೂವಿಗೆ ಪುಡಿ ಒಯ್ಯುವುದೇ ನಮ್ಮ ಕೆಲಸವಾಗಿತ್ತು. ಹುಳವೂ ಅದನ್ನೇ ಮಾಡುತ್ತದೆಂದು ಸಾಹೇಬರು ನಮ್ಮ ಮುಂದೆಯೇ ಹೇಳಿದ್ದರು. ನಾವು ಅದನ್ನು ಹತ್ತಿಯ ಬಗೆಗಿನ ಎಚ್ಚರಿಕೆ ಎಂದು ಮಾತ್ರ ಕೇಳಿಸಿಕೊಂಡಿದ್ದೆವು. ಆ ಮಾತು ಹೊಲದಿಂದ ಹಿತ್ತಲಿಗೆ ಬರಲು ಇಷ್ಟು ದಿನ ಹಿಡಿಯಿತು. ನಡುವೆ ಇದ್ದದ್ದು ಒಂದು ಬೇಲಿ, ಅದೂ ಸವರಿದ ಬೇಲಿ.

"ಯವ್ವಾ" ಎಂದಳು ಅತ್ತೆ, ಮೆಲ್ಲಗೆ. "ನಮ್ಮ ಜೋಡಿನ ಕೆಲಸದವರನ್ನ ನಾನ ಓಡಿಸೇನಿ."

ಮರುದಿನ ಬೆಳಕು ಹರಿಯುವಾಗಲೇ ಆಪಾ ಹಿತ್ತಲಿಗೆ ಬಂದಳು. ಕುಂಬಳದ ಹೂ ಬಿಸಿಲೇರುವ ಮೊದಲೇ ಮುದುಡುತ್ತದೆ. ಹತ್ತಿಯ ಹಾಗೆ ಕಾಯುವುದಿಲ್ಲ. ಅತ್ತೆ ಬೇಡ ಎಂದಳು. ಕೂಲಿ ಕೊಡದೆ ಕೆಲಸ ಮಾಡಿಸಿಕೊಳ್ಳುವುದು ಆಕೆಗೆ ಸೇರದು.

"ನಾ ಮಾಡಾಕ ಬಂದಿಲ್ರಿ. ನಿಮಗ ಕಲಸಾಕ ಬಂದೇನಿ" ಎಂದಳು ಆಪಾ.

"ನನಗ ಕಾಣೂದಿಲ್ಲಲ್ಲವಾ."

"ಇಷ್ಟು ದೊಡ್ಡ ಹೂವು ಕಾಣೂದಿಲ್ಲಂದ್ರ ಸುಳ್ಳು. ಕೆಳಗ ಬೆರಳಾಡಸ್ರಿ. ಗುಂಡಗ ಹತ್ತಿದ್ರ ಹೆಣ್ಣು, ಬರೇ ದೇಟು ಇದ್ರ ಗಂಡು."

ಗಂಡು ಹೂ ಕಿತ್ತು ಎಸಳು ಹರಿದು, ನಡುವಿನ ಪುಡಿಯ ಕಡ್ಡಿಯನ್ನು ಅತ್ತೆಯ ಬೆರಳಿಗೆ ಕೊಟ್ಟಳು. ಅತ್ತೆ ಹೆಣ್ಣು ಹೂವಿನೊಳಗೆ ಅದನ್ನಿಟ್ಟು ಬಲವಾಗಿ ತಿರುವಿದಳು.

"ಹಿಟ್ಟು ನಾದಬ್ಯಾಡ್ರಿ ಅಕ್ಕಾರ, ಮೆಲ್ಲಕ. ಕೂಸಿನ ಗದ್ದಕ್ಕ ಎಣ್ಣಿ ಸವರಿದಂಗ."

ಉಳಿದ ಹೆಣ್ಣುಮಕ್ಕಳೂ ಒಬ್ಬೊಬ್ಬರಾಗಿ ಬಂದರು. ಯಾವುದು ಆಯಿತು, ಯಾವುದು ಉಳಿಯಿತು ಎಂದು ತಿಳಿಯಲು, ರೂಢಿಯಂತೆ ಹತ್ತಿಗೆ ಕಟ್ಟುವ ಕೆಂಪು ಕಾಗದವನ್ನೇ ಕುಂಬಳಕ್ಕೂ ಕಟ್ಟಿದರು. ತಿಪ್ಪೆಯ ಮೇಲೆ ಕೆಂಪು ಕಾಗದದ ಸಾಲು ಕಂಡು ಅಪ್ಪ, "ಇದೂ ಕಂಪನಿಗೆ ಹೊಂಟೈತೇನು?" ಎಂದ. ಅವನಿಗೆ ವಿಷಯ ಹೇಳಿದೆವು. ಕಲ್ಲು ಹಾಸುವ ಮಾತು ಆಮೇಲೆ ಬರಲಿಲ್ಲ. ಅದನ್ನು ಬಿಟ್ಟುಬಿಡುತ್ತೇವೆಂದೂ ಯಾರೂ ಹೇಳಲಿಲ್ಲ.

ಕಾಯಿ ಕಚ್ಚಿತು. ಎಲ್ಲವೂ ಅಲ್ಲ. ಕೆಲವು ನಮ್ಮ ಕೈಗೂ ಒಲಿಯದೆ ಉದುರಿದವು. ನಾವು ಒಮ್ಮೆ ಸವರಿ ಮುಂದೆ ಹೋಗುತ್ತಿದ್ದೆವು. ಜೇನು ಎಷ್ಟು ಸಲ ಬರುತ್ತಿತ್ತೋ. ಉಳಿದದ್ದರಲ್ಲಿ ಕೆಲವು ಒಂದು ಮಗ್ಗುಲಿಗೆ ಉಬ್ಬಿ ಸೊಟ್ಟಗೆ ಬೆಳೆದವು. ಆಪಾ ಅವನ್ನು ತೋರಿಸಿ, "ಇವು ಅಕ್ಕಾರ ಮಾಡಿದಾವು" ಎನ್ನುತ್ತಿದ್ದಳು. ಅತ್ತೆ, "ಹೌದವಾ, ನಿನ್ನ ಕೈಯಾಗ ಕಲತೇನಿ. ಸೊಟ್ಟ ಬರದ ಇನ್ನೇನು ಬರತಾವು?" ಎಂದು ತಿರುಗಿಸಿ ಕೊಡುತ್ತಿದ್ದಳು. ಅತ್ತೆ ಹಾಗೆ ಮಾತಿಗೆ ಮಾತು ಕೊಡುವುದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಕೇಳಿದ್ದೆನೋ, ಗಮನಿಸಿರಲಿಲ್ಲವೋ.

ಸೀಗಿ ಹುಣ್ಣಿಮೆಯ ಹೊತ್ತಿಗೆ ಓಣಿಗೆಲ್ಲ ಸಾಲುವಷ್ಟು ಇರಲಿಲ್ಲ. ಅತ್ತೆ ಅರ್ಧರ್ಧ ಕೊಯ್ದು ಕೊಟ್ಟು ಬಂದಳು. ಮೊದಲ ಹೋಳು ಆಪಾಳ ಮನೆಗೆ ಹೋಯಿತು.

ಹಬ್ಬದ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಹೊಲಕ್ಕೆ ಹೋಗಲು ಹಿತ್ತಲು ದಾಟಿದರೆ ಸಾಕಾದರೂ, ಆ ದಿನ ಚಕ್ಕಡಿ ಹೂಡಿ ಊರು ಸುತ್ತಿಯೇ ಹೋಗುವುದು ಪದ್ಧತಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕುಂಬಳಕಾಯಿಯ ಕಡಬು. ಅಪ್ಪ ಎಲ್ಲವನ್ನೂ ಕಲಸಿ, ಹೊಲದ ಸುತ್ತ ಚರಗ ಚೆಲ್ಲುತ್ತ ಹೋದ. ಚರಗವೆಂದರೆ ಬಸುರಿ ಭೂಮಿಗೂ ಹೊಲದಲ್ಲಿರುವ ಹುಳ ಹುಪ್ಪಡಿಗೂ ಹಾಕುವ ಊಟ. ವರ್ಷವೂ ಹಾಕುತ್ತಿದ್ದೆವು. ಆಮೇಲೆ ಬದುವಿನ ಮೇಲೆ ಸಾಲಾಗಿ ಉಣ್ಣಲು ಕೂತೆವು.

"ತಮ್ಮಾ, ಒಂದು ಕೇಳ್ತೀನಿ" ಎಂದಳು ಅತ್ತೆ.

ಅಪ್ಪ ತುತ್ತು ಹಿಡಿದು ನೋಡಿದ. ಬಂದಾಗಿನಿಂದ ಅತ್ತೆ ಅವನನ್ನು ಏನನ್ನೂ ಕೇಳಿರಲಿಲ್ಲ. ಸೀರೆ ಹರಿದರೂ ಅವ್ವನೇ ನೋಡಿ ತರಬೇಕಿತ್ತು.

"ಆಲದ ಮರದಿಂದ ಹಿತ್ತಲತನಕ ಈ ಬದು ನನಗ ಬಿಡು. ಗುರೆಳ್ಳು ಹಾಕ್ತೀನಿ. ಕಂಟಿ ಬೆಳದ್ರ ಸವರಬ್ಯಾಡ್ರಿ. ಅದರ ಹತ್ತಿರ ಎಣ್ಣಿ ಹೊಡೀಬ್ಯಾಡ."

"ಮತ್ತ ಜೇನು ಬಂದು ಕೂತ್ರ?"

"ಕೂಡ್ಲಿ ಅಂತನ ಕೇಳಾಕತ್ತೇನಿ."

"ಪ್ಲಾಟ್ ಕೆಟ್ರ ಸಾಹೇಬ್ರು ಒಪ್ಪೂದಿಲ್ಲಕ್ಕಾ."

"ನಿಮ್ಮ ಹೂವಿಗೆ ಚೀಲ ಹಾಕೀರಿ. ಮುಚ್ಚಿಟ್ಟದ್ದನ್ನ ಬಿಚ್ಚಿ ನೋಡಾಕ ಅವೇನು ಮನುಷ್ಯಾರಲ್ಲ."

ಅವ್ವನಿಗೆ ನಗು ಬಂದು ಮಜ್ಜಿಗೆ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ ಅವಳೇ ಅಪ್ಪನಿಗೆ, "ಬಿಡ್ರಿ. ಅಕ್ಕಾರ ಬದು ಅಂತ ಆಗ್ಲಿ. ಅರಳಿ ಒಣಗಸಾಕ ಮಾಳಗಿ ಐತಿ" ಎಂದಳು. ಜೇನು ಕಚ್ಚಿಸಿಕೊಂಡವರ ಗತಿಯೇನು ಎಂದು ನಾನು ಕೇಳಿದೆ. ಜೇನು ಹುಟ್ಟು ಕಟ್ಟುವ ಸೂಚನೆ ಕಂಡರೆ ಅದರ ಹತ್ತಿರದ ಸಾಲನ್ನು ಮುಂಜಾನೆ ಬೇಗ ಮುಗಿಸಿಕೊಳ್ಳುವುದು, ತಲೆಗೆ ವಸ್ತ್ರ ಕಟ್ಟಿಕೊಳ್ಳುವುದು, ಆಪಾಳನ್ನು ಒಂದು ಮಾತು ಕೇಳುವುದು ಎಂದೆಲ್ಲ ಮಾತಾಯಿತು. ಬ್ಯಾಡಗಿಗೆ ಹೋಗುವ ಮಾತು ಬರಲಿಲ್ಲ. ಅಪ್ಪ ಹೂಂ ಅಂದನೋ ಇಲ್ಲವೋ, ನನಗೆ ಕೇಳಿಸಿಲ್ಲ. ಅಂದ ಎಂದು ನನ್ನ ತಮ್ಮ ಹೇಳುತ್ತಾನೆ.

ಜೇನು ಮತ್ತೆ ಬಂದವೇ ಎಂದು ಕೇಳುವವರಿಗೆ ನನ್ನಲ್ಲಿ ಒಂದೇ ಉತ್ತರವಿಲ್ಲ. ಸಣ್ಣವು ಮರುವರ್ಷವೇ ಗುರೆಳ್ಳಿನ ಹೂವಿಗೆ ಬಂದವು, ಅದನ್ನು ನೋಡಿದ್ದೇನೆ. ಹೆಜ್ಜೇನು ಆಲದ ಮರಕ್ಕೆ ಬಂದದ್ದು ಅದೇ ವರ್ಷವೆಂದು ಅವ್ವ, ಬಹಳ ತಡವಾಗಿ ಎಂದು ತಮ್ಮ. ಅಷ್ಟರಲ್ಲಿ ನಾನು ಹಾವೇರಿಯಲ್ಲಿ ಕೆಲಸಕ್ಕೆ ಸೇರಿದ್ದೆ.

ಆದರೆ ಹಬ್ಬ ಮುಗಿದ ವಾರದ್ದೊಂದು ಮುಂಜಾನೆ ನನಗೆ ಚೆನ್ನಾಗಿ ಗೊತ್ತಿದೆ. ಇದನ್ನು ಯಾರಿಗೂ ಹೇಳಿಲ್ಲವಾದ್ದರಿಂದ ಹೆಚ್ಚು ಕೆಟ್ಟಿರಲಾರದು. ಅಪ್ಪ ಪಂಪು ತುಂಬಿ ಬೆನ್ನಿಗೇರಿಸಿಕೊಂಡು, ಬದುವಿನ ಹತ್ತಿರ ಬಂದು ನಿಂತ. ಹೊಡೆಯಲು ಶುರು ಮಾಡಲಿಲ್ಲ. ಮನೆಯ ಕಡೆ ತಿರುಗಿ ಕೂಗಿದ.

"ಅಕ್ಕಾ, ಎಲ್ಲೀತನಕ ಹೊಡೀಲಿ?"

ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಬದು ಹಿಡಿದು ನಡೆದು ಹೋಗಿ, ಹತ್ತಿಯ ಎರಡು ಸಾಲು ಒಳಗೆ ದಾಟಿ ನಿಂತು, "ಇಲ್ಲೀತನಕ" ಎಂದಳು. ಅಪ್ಪ ಹಿಂದೆ ಸರಿದ. ಅತ್ತೆ ಗಾಳಿ ಯಾವ ಕಡೆಯದೆಂದು ಮುಖವೆತ್ತಿ ನೋಡಿದಳು. ಆಮೇಲೆ ಇನ್ನೊಂದು ಸಾಲು ದಾಟಿ ಹೋಗಿ ನಿಂತಳು. ಅಪ್ಪ ಇನ್ನೂ ಹಿಂದೆ ಸರಿದ.